ಶಶಿ ಕಪೂರ್ ಅವರನ್ನು ಯಾವ ಸಿನಿಮಾದಿಂದ ನೋಡಲು ಶುರು ಮಾಡಬೇಕು?

ಪ್ರಶ್ನೆ: ಪೃಥ್ವಿರಾಜ್ ಕಪೂರ್ ಮಗ, ರಾಜ್ ಕಪೂರ್ ತಮ್ಮ ಅನ್ನೋದು ಗೊತ್ತು. ಆದರೆ ನೋಡಿದ್ದರಲ್ಲೆಲ್ಲ ಬಚ್ಚನ್ ಪಕ್ಕದಲ್ಲೇ ಇರ್ತಾರೆ. ಸೆಕೆಂಡ್ ಹೀರೊ ಅಂತ ಬಿಟ್ಟುಬಿಡಬಹುದಾ?

ಉತ್ತರ 1: ದಯವಿಟ್ಟು ಬಿಡಬೇಡಿ. ‘ಆವಾರಾ’ದಲ್ಲಿ (1951) ಅಣ್ಣನ ಪಾತ್ರದ ಬಾಲ್ಯ ಮಾಡಿದ ಹುಡುಗ ಇವರೇ. ಆಮೇಲೆ ಪಳಗಿದ್ದು ರಂಗಭೂಮಿಯಲ್ಲಿ: ಅಪ್ಪನ ಪೃಥ್ವಿ ಥಿಯೇಟರ್ಸ್, ನಂತರ ಊರೂರು ತಿರುಗಿ ಶೇಕ್ಸ್‌ಪಿಯರ್ ಆಡುತ್ತಿದ್ದ ಜೆಫ್ರಿ ಕೆಂಡಲ್ ತಂಡ. ನಾಯಕರಾಗಿದ್ದು 1961ರ ‘ಧರ್ಮಪುತ್ರ’ದಲ್ಲಿ, ಜನ ಮುಗಿಬಿದ್ದಿದ್ದು 1965ರ ‘ಜಬ್ ಜಬ್ ಫೂಲ್ ಖಿಲೇ’ಗೆ. ‘ದೀವಾರ್’ (1975) ಮತ್ತೆ ನೋಡುವಾಗ ಕಣ್ಣು ಇವರ ಮೇಲಿಡಿ. ದನಿ ಏರಿಸದೆ ಗಟ್ಟಿಯಾಗಿ ನಿಲ್ಲುವ ಈ ತಮ್ಮ ಇಲ್ಲದಿದ್ದರೆ ಅಣ್ಣನಾದ ಬಚ್ಚನ್ ಸಿಟ್ಟು ಗಾಳಿಗೆ ಗುದ್ದಿದ ಹಾಗೆ. ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ ಸುಮ್ಮನೆ ಬರಲಿಲ್ಲ.

ಉತ್ತರ 2: ಎಪ್ಪತ್ತರ ದಶಕದಲ್ಲಿ ಒಂದೇ ದಿನ ಹಲವು ಶಿಫ್ಟ್, ಒಂದು ಸೆಟ್ಟಿಂದ ಇನ್ನೊಂದಕ್ಕೆ ಓಟ. ರಾಜ್ ಕಪೂರ್ ‘ಟ್ಯಾಕ್ಸಿ’ ಅಂತ ಕರೆದಿದ್ದು ಅದಕ್ಕೇ. ಹೀಗೆ ಓಡುವವರಿಗೆ ತಯಾರಿಗೆ ಬಿಡುವೆಲ್ಲಿ? ಆ ಕಾಲದ ಎಷ್ಟೋ ಪಾತ್ರಗಳು ಒಂದೇ ಅಚ್ಚಿನವು. ಆದರೆ ಆ ದುಡ್ಡು ಎಲ್ಲಿಗೆ ಹೋಯ್ತು ನೋಡಿ. 1978ರಲ್ಲಿ ಪತ್ನಿ ಜೆನಿಫರ್ ಜೊತೆ ಜುಹುವಿನಲ್ಲಿ ಪೃಥ್ವಿ ಥಿಯೇಟರ್ ಕಟ್ಟಿದರು. ‘ಜುನೂನ್’, ‘36 ಚೌರಂಗಿ ಲೇನ್’, ‘ವಿಜೇತಾ’ ನಿರ್ಮಿಸಿದರು.

ನೀವು ‘ಕಲಿಯುಗ್’ನಿಂದ (1981) ಶುರು ಮಾಡಿ. ಬೆನಗಲ್ ನಿರ್ದೇಶನ, ಚಿತ್ರಕಥೆಯಲ್ಲಿ ಕಾರ್ನಾಡರ ಕೈ. ಮಹಾಭಾರತವನ್ನು ಎರಡು ಉದ್ಯಮಿ ಮನೆತನಗಳ ಜಗಳವಾಗಿಸಿದ್ದಾರೆ. ಅನಂತ್ ನಾಗ್ ಅರ್ಜುನನ ಜಾಗದಲ್ಲಿ, ಶಶಿ ಕರ್ಣ. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೆ ಹಾಸಿಗೆಯ ಮೇಲೆ ಗರ್ಭದೊಳಗಿನ ಕೂಸಿನಂತೆ ಮುದುಡಿಕೊಳ್ಳುತ್ತಾರೆ. ಆ ಒಂದು ಶಾಟ್ ಸಾಕು, ಎಂಥ ನಟ ಅಂತ ತಿಳಿಯೋಕೆ.

ಉತ್ತರ 3: ಅದಾದ ಮೇಲೆ ಕಾರ್ನಾಡರ ‘ಉತ್ಸವ್’ (1984) ನೋಡಿ. ‘ಮೃಚ್ಛಕಟಿಕ’ ಎಂಬ ಸಂಸ್ಕೃತ ನಾಟಕದ ಕಥೆ, ಕಳ್ಳನಾಗಿ ಶಂಕರ್ ನಾಗ್ ಇದ್ದಾರೆ. ಖಳ ಸಂಸ್ಥಾನಕನ ಪಾತ್ರ ಬಚ್ಚನ್ ಮಾಡಬೇಕಿತ್ತು. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರೀಕರಣದಲ್ಲಿ ಅವರಿಗೆ ಪೆಟ್ಟಾಯಿತು, ನಿರ್ಮಾಪಕರಾಗಿದ್ದ ಶಶಿಯವರೇ ಬಣ್ಣ ಹಚ್ಚಿದರು. ಸಿನಿಮಾ ಗಳಿಸಲಿಲ್ಲ, ಹೊಡೆತ ಬಿದ್ದಿದ್ದು ಶಶಿಯವರ ಜೇಬಿಗೆ. ಸಿನಿಮಾ ಬಂದ 1984ರಲ್ಲೇ ಜೆನಿಫರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ರಾಷ್ಟ್ರಪ್ರಶಸ್ತಿ ತಂದ ‘ನ್ಯೂ ಡೆಲ್ಲಿ ಟೈಮ್ಸ್’ (1986) ಅದರ ನಂತರದ್ದು. ಕೊನೆಗೆ ‘ಮುಹಾಫಿಜ್’ (1993) ಇಟ್ಟುಕೊಳ್ಳಿ. ಮೈ ಭಾರವಾಗಿತ್ತು, ಅದನ್ನು ಮುಚ್ಚಿಡದೆ ಸೋತ ಉರ್ದು ಕವಿಯ ಪಾತ್ರಕ್ಕೇ ದುಡಿಸಿಕೊಂಡಿದ್ದಾರೆ.