ಮುಂಬಯಿಯಿಂದ ಮಾಲ್ವಣಕ್ಕೆ ಕಡಲ ಬದಿಯಲ್ಲೇ ಕಾರಲ್ಲಿ: ಎಲ್ಲೆಲ್ಲಿ ಉಳಿಯುವುದು?

ಡೊಂಬಿವಲಿ ಅಕ್ಕ
ಮತ್ಸ್ಯಗಂಧ ರೈಲಲ್ಲಿ ಊರಿಗೆ ಹೋಗುವಾಗಲೆಲ್ಲ ರತ್ನಾಗಿರಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಲ್ಲಿ ನಾನು ಕಂಡದ್ದು ಪ್ಲಾಟ್‌ಫಾರ್ಮ್ ಮತ್ತು ವಡಾಪಾವ್ ಮಾತ್ರ. ನಮ್ಮವರು ಈಗ ರಿಟೈರ್ ಆಗಿದ್ದಾರೆ. ಜನವರಿಯಲ್ಲಿ ಇಬ್ಬರೇ ಸಮುದ್ರದ ಬದಿಯ ಊರುಗಳಲ್ಲಿ ಉಳಿಯುತ್ತಾ ಮಾಲ್ವಣದವರೆಗೆ ಹೋಗೋಣ ಅಂತಿದ್ದೇವೆ. ಅವಸರ ಏನೂ ಇಲ್ಲ. ಓಡಿಸುವವರು ಅವರೊಬ್ಬರೇ, ಕತ್ತಲಾದ ಮೇಲೆ ಗಾಡಿ ಮುಟ್ಟುವುದಿಲ್ಲ. ಇನ್ನೊಂದು ತಾಪತ್ರಯ, ಅವರು ಪಕ್ಕಾ ಸಸ್ಯಾಹಾರಿ, ನನಗೆ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ದಾರಿಯಲ್ಲಿ ಕಾರನ್ನೇ ಬೋಟಿಗೆ ಹತ್ತಿಸಬೇಕಂತೆ, ಹೌದಾ? ಅದನ್ನು ಕೇಳಿ ಇವರು ಈಗಲೇ ಹೆದರಿದ್ದಾರೆ.

ಪುಣೇಕರ
ಸುಮ್ನೆ ಪುಣೆ, ಕೊಲ್ಲಾಪುರ ಮೇಲೆ ಬಂದು ಘಾಟಿ ಇಳಿಯಿರಿ. ರಸ್ತೆ ಅಗಲ, ಊಟಕ್ಕೂ ತೊಂದರೆ ಇಲ್ಲ. ಸಮುದ್ರ ಎಲ್ಲಿ ನೋಡಿದರೂ ಒಂದೇ ಅಲ್ವಾ?

ಭಾಂಡುಪ್‌ನ ಕುಂದಾಪ್ರದವ
ಒಂದೇ ಅಲ್ಲ ಮಾರಾಯ್ರೆ. ಅಕ್ಕ ಕೇಳಿದ್ದು ಬೇಗ ಮುಟ್ಟುವ ದಾರಿಯಲ್ಲ.

ಅಕ್ಕ, ಗೋವಾ ಹೆದ್ದಾರಿಯನ್ನೂ ಬಿಡಿ. ಅದು ಮಹಾಡ್, ಚಿಪಳೂಣ್ ಅಂತ ಒಳಗೊಳಗೇ ಹೋಗುತ್ತದೆ. ಮುಂಬಯಿಯ ಭಾವುಚಾ ಧಕ್ಕಾ ಬಂದರಿನಿಂದ ಮಾಂಡವಾಕ್ಕೆ ರೋ-ರೋ ಹಡಗಿದೆ, ಕಾರು ಸಮೇತ ಸುಮಾರು ಒಂದು ಗಂಟೆ. ದೊಡ್ಡ ಹಡಗು, ಭಾವನ ಹೆದರಿಕೆ ಬಿಡಿಸಲು ಒಳ್ಳೆಯದು. ಅಲ್ಲಿಂದ ಅಲಿಬಾಗ್, ಮುರುಡ್. ಆಮೇಲೆ ನಾಲ್ಕು ಕಡೆ ಖಾಡಿ, ಅಂದರೆ ಅಳಿವೆ, ಬೋಟಿನಲ್ಲಿ ದಾಟಬೇಕು: ಆಗರದಂಡಾ–ದಿಘಿ, ಬಾಗಮಾಂಡ್ಲಾ–ವೇಸವಿ, ದಾಭೋಳ–ಧೋಪಾವೆ, ತವಸಾಳ–ಜಯಗಡ. ಜಯಗಡದಿಂದ ಮುಂದೆ ಸೇತುವೆಗಳಿವೆ.

ದಾಭೋಳದಲ್ಲಿ ನನಗೆ ರಿವರ್ಸ್‌ನಲ್ಲೇ ಹತ್ತಿಸಿ ಅಂದರು. ನೀರು ಇಳಿದ ಹೊತ್ತು, ಜೆಟ್ಟಿಯ ಇಳಿಜಾರಿನಲ್ಲಿ ಪಾಚಿ. ಬೋಟಿನ ಹುಡುಗ ಡಿಕ್ಕಿ ತಟ್ಟುತ್ತಾ 'ಯೇವು ದೇ, ಯೇವು ದೇ' (ಬರಲಿ, ಬರಲಿ) ಅನ್ನುತ್ತಲೇ ಇದ್ದ. ಹಿಂದಿನ ಜೀಪಿಗೂ ನನ್ನ ಬಂಪರಿಗೂ ಒಂದು ಗೇಣು ಉಳಿದಾಗ ಟಕ್ಕನೆ ಚಕ್ರಕ್ಕೆ ಕಲ್ಲು ಕೊಟ್ಟ. ಅವರಿಗೆ ದಿನಾ ಇದೇ ಕೆಲಸ. ಭಾವ ಬೇರೆಲ್ಲೂ ನೋಡದೆ ಆ ಹುಡುಗನ ಕೈ ನೋಡಿದರೆ ಸಾಕು. ನನ್ನ ಹೆಂಡತಿ ಮಾತ್ರ ಮೊದಲೇ ಇಳಿದು ನಡೆದೇ ಹತ್ತಿದ್ದಳು.

ಉಳಿಯಲು ನನ್ನ ಪಟ್ಟಿ: ಆಂಜರ್ಲೆ, ಗುಹಾಗರ್, ರತ್ನಾಗಿರಿ, ಮಾಲ್ವಣ. ಒಂದೊಂದು ಕಡೆ ಎರಡು ರಾತ್ರಿಯಾದರೂ ಇರಿ. ಗಣಪತಿಪುಳೆಯಲ್ಲಿ ಕೈ ಮುಗಿದು ಮುಂದೆ ನಡೆಯಿರಿ, ಶನಿವಾರ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿಂದ ರತ್ನಾಗಿರಿಗೆ ಆರೆ-ವಾರೆ ರಸ್ತೆಯಲ್ಲೇ ಹೋಗಿ, ಕಡಲು ಕಾಲ ಕೆಳಗೇ ಕಾಣುತ್ತದೆ. ಆಂಜರ್ಲೆ ಪಕ್ಕದ ಹರ್ಣೈಯಲ್ಲಿ ಸಂಜೆ ಮೀನಿನ ಹರಾಜು. ಎತ್ತಿನ ಗಾಡಿಗಳು ನೀರಿಗಿಳಿದು ದೋಣಿಯಿಂದ ಮೀನು ತರುತ್ತವೆ, ಎದುರಿಗೇ ಸುವರ್ಣದುರ್ಗದ ಕಡಲ ಕೋಟೆ. ಭಾವ ಬೇಕಾದರೆ ಗ್ಲಾಸ್ ಏರಿಸಿ ಕಾರಲ್ಲೇ ಕೂರಲಿ.

ರತ್ನಾಗಿರಿಯಲ್ಲಿ ಥಿಬಾ ಅರಮನೆ ನೋಡಿ. ಬರ್ಮಾದ ಕೊನೆಯ ದೊರೆ ಥಿಬಾನನ್ನು ಬ್ರಿಟಿಷರು 1885ರಲ್ಲಿ ರಾಣಿ ಸಮೇತ ಗಡಿಪಾರು ಮಾಡಿದರು. ಆತ ಮತ್ತೆ ಊರು ಕಾಣದೆ 1916ರಲ್ಲಿ ಇಲ್ಲೇ ತೀರಿಕೊಂಡ. ನನ್ನ ಹೆಂಡತಿಗೆ ಕೋಟೆಗಳಿಗಿಂತ ಇದೇ ಜಾಸ್ತಿ ಹಿಡಿಸಿತು.

ಮಾಲ್ವಣದ ಸೊಸೆ, ಈಗ ಮಡಗಾಂವ್
ಊಟದ ಚಿಂತೆ ಬಿಡಿ ಅಕ್ಕ. ಗುಹಾಗರ್, ಆಂಜರ್ಲೆ ಕಡೆ ಬ್ರಾಹ್ಮಣರ ಮನೆಯೂಟ ಸಿಗುತ್ತದೆ. ಬೆಳಗ್ಗೆಯೇ ಹೇಳಿಟ್ಟಿರಬೇಕು ಅಷ್ಟೇ. ಆದರೆ ಅಲ್ಲಿ ನಿಮಗೆ ಮೀನು ಕೊಡುವುದಿಲ್ಲ, ಒಂದೆರಡು ಹೊತ್ತು ತಡೆದುಕೊಳ್ಳಿ! ಮಾಲ್ವಣದಲ್ಲಿ ಅವರಿಗೆ ಘಾವಣೆ ಕೊಡಿಸಿ, ನಮ್ಮ ನೀರುದೋಸೆಯೇ. ಇಲ್ಲವೇ ಆಂಬೋಳಿ ಅನ್ನುವ ದಪ್ಪ ದೋಸೆ ಜೊತೆ ಕಪ್ಪು ವಟಾಣಿಯ ಉಸಳ್, ಅಂದರೆ ಕಾಳಿನ ಪಲ್ಯ. ಕೋಕಂ, ತೆಂಗಿನ ಹಾಲಿನ ಸೋಲ್‌ಕಢಿ ಇಬ್ಬರಿಗೂ ಆಗುತ್ತದೆ. ಮಾಲ್ವಣದ ಕಡಲ ಕೋಟೆ ಸಿಂಧುದುರ್ಗಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಜನವರಿಯಲ್ಲಿ ಚಿಂತೆ ಇಲ್ಲ. ಮಾವು ಬೇಕಿದ್ದರೆ ಏಪ್ರಿಲ್‌ವರೆಗೆ ಕಾಯಬೇಕು, ಸೆಖೆ ಸಹಿಸುವ ಶಕ್ತಿಯಿದ್ದರೆ.

ಡೊಂಬಿವಲಿ ಅಕ್ಕ
ಇವರಿಗೆ ಓದಿ ಹೇಳಿದೆ. ಹೆಂಡತಿ ಇಳಿದು ನಡೆದದ್ದು ಕೇಳಿ 'ನೀನೂ ಹಾಗೇ ಮಾಡುವವಳು' ಅಂದರು. ತವಸಾಳದಲ್ಲಿ ಕೊನೆಯ ಬೋಟು ತಪ್ಪಿದರೆ ಏನು ಗತಿ?

ಭಾಂಡುಪ್‌ನ ಕುಂದಾಪ್ರದವ
ಸುತ್ತು ಹಾಕಿ ಹೆದ್ದಾರಿಗೆ ಹೋಗಬೇಕು, ಕತ್ತಲಾಗುತ್ತದೆ. ಅದಕ್ಕೇ ಗುಹಾಗರದಲ್ಲಿ ಉಳಿಯಿರಿ ಅಂದದ್ದು. ತಿಂಡಿ ಮುಗಿಸಿ ದಾಟಿದರೆ ಊಟಕ್ಕೆ ರತ್ನಾಗಿರಿ. ಟಿಕೆಟಿಗೆ ಚಿಲ್ಲರೆ ಇಟ್ಟುಕೊಳ್ಳಿ, ಜೆಟ್ಟಿಗಳಲ್ಲಿ ನೆಟ್‌ವರ್ಕ್ ಕೈ ಕೊಡುತ್ತದೆ.