ಲಕ್ಸರ್‌ನಲ್ಲಿ ಒಂದೇ ದಿನ: ಟುಟಾಂಖಾಮುನ್ ಸಮಾಧಿಯೋ, ಸಮಾಧಿ ಕೊರೆದವರ ಊರೋ?

ದುಬೈ_ಮಲೆನಾಡಿಗ:
ಡಿಸೆಂಬರ್‌ನಲ್ಲಿ ಅಮ್ಮನನ್ನು ಈಜಿಪ್ಟಿಗೆ ಕರ್ಕೊಂಡು ಹೋಗ್ತಿದ್ದೀನಿ. ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಡಕ್ಕೆ ಅಂತ ಸಿಗೋದು ಒಂದೇ ದಿನ. ರಾಜರ ಕಣಿವೆಯ ಮಾಮೂಲಿ ಟಿಕೆಟ್‌ನಲ್ಲಿ ಮೂರು ಸಮಾಧಿ ನೋಡಬಹುದಂತೆ, ಹುಡುಗ ರಾಜ ಟುಟಾಂಖಾಮುನ್‌ದಕ್ಕೆ ಬೇರೆ ದುಡ್ಡು. ಟೂರ್‌ನವರು "ಒಳಗೆ ಏನೂ ಇಲ್ಲ, ಬಿಟ್ಬಿಡಿ" ಅಂತಾರೆ. ಅಮ್ಮನಿಗೆ ಮಾತ್ರ ಹೈಸ್ಕೂಲಿನಿಂದಲೂ ಅವನದೇ ಆಸೆ. ವಯಸ್ಸು 66, ಮಂಡಿ ನೋವು ಬೇರೆ. ಹೋಗಿ ಬಂದವರು ಹೇಳಿ.

ಗದಗಿನವ:
ಟೂರಿನವ್ರು ಹೇಳಿದ್ದು ಖರೇನ ಐತ್ರಿ. ಹೋದ ವರ್ಷ ನಾನೂ ನಮ್ಮ ಮನಿಯವ್ರೂ ಹೋಗಿದ್ವಿ. ಭಾಳ ಸಣ್ಣ ಜಾಗ, ಚಿತ್ರ ಇರೋದು ಒಂದ ಕೋಣ್ಯಾಗ. ಆ ಸಮಾಧಿ ಹುಡುಕಿದ ಇಂಗ್ಲೆಂಡಿನ ಕಾರ್ಟರ್ ತೆಗೆದ ಐದು ಸಾವಿರಕ್ಕೂ ಹೆಚ್ಚು ಸಾಮಾನು ಎಲ್ಲಾ ಅಲ್ಲಿಂದ ಯಾವಾಗೋ ಹೋಗ್ಯಾವು. ಅದನ್ನ ಕೈರೋ ಕಡೆ ಗೀಝಾದ ಹೊಸ ಮ್ಯೂಸಿಯಮ್‌ನಾಗ ನೋಡ್ರಿ. ಅದರ ಬದಲಿ ಆರನೇ ರಾಮ್ಸೆಸ್‌ನ ಸಮಾಧಿಗೆ ರೊಕ್ಕ ಹಾಕ್ರಿ. ಅದಕ್ಕೂ ಬ್ಯಾರೆ ಟಿಕೆಟ್ ಐತಿ, ಆದ್ರ ಇಳಿಜಾರು ಸಾವಕಾಶ ಐತಿ, ತಾಯಿಯವರಿಗೆ ತ್ರಾಸ ಆಗಂಗಿಲ್ಲ. ಒಳಗ ಛತ್ತಿನ ಮ್ಯಾಲೆ ಆಕಾಶದ ದೇವಿ ನುಟ್ ಉದ್ದಕ್ಕ ಚಾಚ್ಕೊಂಡಾಳ. ಸಂಜಿಗೆ ಸೂರ್ಯನ್ನ ನುಂಗ್ತಾಳ, ಮುಂಜಾನೆ ಹಡೀತಾಳ. ನಮ್ಮ ಮನಿಯವ್ರು ಕತ್ತು ಎತ್ತಿ ನಿಂತವ್ರು ಕದಲ್ಲಿಲ್ಲ. ಮೂರನೇ ಥುಟ್ಮೋಸ್‌ನ ಸಮಾಧಿಗೆ ಮಾತ್ರ ಮಂಡಿ ನೋವಿದ್ದವರನ್ನ ಕರ್ಕೊಂಡು ಹೋಗಬ್ಯಾಡ್ರಿ, ಮೊದಲು ಬಂಡಿಗಲ್ಲಿನ ಮ್ಯಾಲೆ ಹತ್ತಬೇಕು, ಆಮ್ಯಾಲೆ ಕಡಿದಾಗಿ ಇಳೀಬೇಕು.

ಮಂಗಳೂರ_ಮಳೆ:
ನಾನು ಒಪ್ಪುವುದಿಲ್ಲ. ಅಲ್ಲಿ "ಏನೂ ಇಲ್ಲ" ಅನ್ನುವುದು ಸುಳ್ಳು. ಟುಟಾಂಖಾಮುನ್ ಅಲ್ಲೇ ಇದ್ದಾನೆ. ಎರಡನೇ ರಾಮ್ಸೆಸ್, ಸೇಟಿ ಇವರ ಮಮ್ಮಿಗಳೆಲ್ಲ 2021ರಲ್ಲಿ ಮೆರವಣಿಗೆಯಲ್ಲಿ ಕೈರೋದ ಇನ್ನೊಂದು ಮ್ಯೂಸಿಯಮ್ಮಿಗೆ ಹೋದವು. ಈ ಹುಡುಗ ಮಾತ್ರ ತನ್ನ ಸಮಾಧಿಯಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಾನೆ. ಮೈಮೇಲೆ ಬಟ್ಟೆ ಹೊದಿಸಿ ಕಪ್ಪಗಾದ ಮುಖ, ಪಾದ ಮಾತ್ರ ಕಾಣುವ ಹಾಗೆ ಇಟ್ಟಿದ್ದಾರೆ. ಹದಿನೆಂಟು ಹತ್ತೊಂಬತ್ತಕ್ಕೆ ಸತ್ತವನು. ಆ ಪುಟ್ಟ ಪಾದ ಕಂಡಾಗ ನನಗೆ ಅಳು ಬಂತು. ಅಮ್ಮ ಅಷ್ಟು ವರ್ಷದಿಂದ ಆಸೆ ಇಟ್ಟುಕೊಂಡಿದ್ದರೆ ಖಂಡಿತ ತೋರಿಸಿ.

ಗಾರೆ_ಸುಣ್ಣ:
ನನ್ನ ಕೆಲಸವೇ ಹಳೆಯ ಗೋಡೆಚಿತ್ರಗಳನ್ನು ಉಳಿಸುವುದು. ಹಾಗಾಗಿ ಒಂದು ಮಾತು. ಒಳಗೆ ಹೋದ ಪ್ರತಿಯೊಬ್ಬರೂ ಉಸಿರಿನಲ್ಲಿ, ಬೆವರಿನಲ್ಲಿ ತೇವ ಬಿಟ್ಟು ಬರುತ್ತೇವೆ. ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ಬಂದ ಧೂಳು ಚಿತ್ರದ ಮೇಲೆ ಕೂರುತ್ತದೆ. ಒರೆಸಿದಾಗಲೆಲ್ಲ ಬಣ್ಣಕ್ಕೆ ಅಪಾಯ. ಗೋಡೆಯ ಮೇಲಿನ ಕಂದು ಚುಕ್ಕೆಗಳನ್ನು ನೋಡಿ ನಮ್ಮ ಉಸಿರಿನಿಂದ ಬೆಳೆದ ಬೂಷ್ಟು ಎಂದು ಜನ ಹೆದರುತ್ತಿದ್ದರು. ಹಳೆಯ ಕಲೆಯನ್ನು ಉಳಿಸುವ ಅಮೆರಿಕದ ಗೆಟ್ಟಿ ಸಂಸ್ಥೆಯವರು 1920ರ ದಶಕದ ಫೋಟೋಗಳ ಜೊತೆ ಹೋಲಿಸಿದಾಗ ಅವು ಬೆಳೆದಿಲ್ಲ ಎಂದು ಗೊತ್ತಾಯಿತು, ಸತ್ತ ಸೂಕ್ಷ್ಮಜೀವಿಗಳ ಕಲೆ ಅಷ್ಟೆ. ಧೂಳು, ತೇವದ ತೊಂದರೆ ಮಾತ್ರ ನಿಜ. ಅದಕ್ಕೇ ಗಾಳಿಯಾಡುವ ಹೊಸ ವ್ಯವಸ್ಥೆ ಹಾಕಿದರು. ಕಾರ್ಟರ್ ಇದ್ದ ಮನೆಯ ಪಕ್ಕದಲ್ಲಿ 2014ರಿಂದ ಅದೇ ಅಳತೆಯ ಪ್ರತಿಕೃತಿ ಇದೆ. ಚುಕ್ಕೆಯನ್ನೂ ಬಿಡದೆ ಮಾಡಿದ್ದಾರೆ. ನಿಧಾನವಾಗಿ ನಿಂತು ನೋಡಬಹುದು.

ಮಂಗಳೂರ_ಮಳೆ:
ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಪ್ರತಿಕೃತಿಯಲ್ಲಿ ಆ ಹುಡುಗ ಇಲ್ಲವಲ್ಲ.

ಗಾರೆ_ಸುಣ್ಣ:
ಸತ್ತವನನ್ನು ಗಾಜಿನೊಳಗಿಟ್ಟು ನೋಡಬೇಕೇ ಎಂಬುದೂ ನನ್ನನ್ನು ಕಾಡುವ ಪ್ರಶ್ನೆ. ಮುಖ ಮುಚ್ಚಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಇತಿಹಾಸದ_ಮೇಷ್ಟ್ರು:
ನೀವೆಲ್ಲ ರಾಜರ ಬಗ್ಗೆಯೇ ಮಾತಾಡುತ್ತಿದ್ದೀರಿ. 1922ರ ನವೆಂಬರ್ 4ರಂದು ಟುಟಾಂಖಾಮುನ್ ಸಮಾಧಿಯ ಮೊದಲ ಮೆಟ್ಟಿಲು ಸಿಕ್ಕಿದ್ದು ಎಲ್ಲಿ? ಕೂಲಿಕಾರರ ಗುಡಿಸಲುಗಳ ತಳದಲ್ಲಿ. ಗದಗಿನವರು ಹೊಗಳಿದ ಆ ಆರನೇ ರಾಮ್ಸೆಸ್‌ನ ಸಮಾಧಿ ಕೊರೆಯಲು ಬಂದವರು ಕಟ್ಟಿಕೊಂಡಿದ್ದ ಗುಡಿಸಲುಗಳವು. ಅವು ಬಾಗಿಲನ್ನು ಮುಚ್ಚಿಟ್ಟಿದ್ದರಿಂದಲೇ ಕಳ್ಳರ ಕಣ್ಣಿಗೆ ಮತ್ತೆ ಬೀಳದೆ ಉಳಿಯಿತು.

ಅವರ ಊರು ಗುಡ್ಡದ ಈಚೆ ಮಗ್ಗುಲಲ್ಲಿದೆ, ದೈರ್ ಅಲ್-ಮದೀನಾ. ಬಸ್ಸುಗಳು ಅದನ್ನು ಬಿಟ್ಟು ಹತ್‌ಶೆಪ್ಸುತ್ ರಾಣಿಯ ದೇಗುಲಕ್ಕೆ ಓಡುತ್ತವೆ. ಒಂದಕ್ಕೊಂದು ಅಂಟಿದ ಎಪ್ಪತ್ತರಷ್ಟು ಮನೆಗಳ ಗೋಡೆಗಳು ಈಗಲೂ ಮೊಣಕಾಲೆತ್ತರ, ಸೊಂಟದೆತ್ತರ ನಿಂತಿವೆ. ಅವರ ಹಾಜರಿ ಲೆಕ್ಕವೂ ಸುಣ್ಣಕಲ್ಲಿನ ಚೂರಿನ ಮೇಲೆ ಉಳಿದಿದೆ: ಒಬ್ಬನಿಗೆ ಚೇಳು ಕಚ್ಚಿದೆ, ಒಬ್ಬನಿಗೆ ಕಣ್ಣು ನೋವು, ಒಬ್ಬ ತೀರಿಕೊಂಡ ತಾಯಿಗೆ ಬಟ್ಟೆ ಸುತ್ತಲು ಹೋಗಿದ್ದಾನೆ. ಮೂರನೇ ರಾಮ್ಸೆಸ್‌ನ 29ನೇ ಆಳ್ವಿಕೆ ವರ್ಷದಲ್ಲಿ ಕೂಲಿಯ ಧಾನ್ಯ ಬರಲಿಲ್ಲ. ಇವರು ಕೆಲಸ ನಿಲ್ಲಿಸಿ ಬೇರೊಂದು ದೇಗುಲದ ಹಿಂದೆ ಹೋಗಿ ಕೂತರು. ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ ಎಂದರು. ಬರೆದಿಟ್ಟ ದಾಖಲೆಯಿರುವ ಮುಷ್ಕರಗಳಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ.

ಊರ ಪಕ್ಕದಲ್ಲೇ ಸೆನ್ನೆಜೆಮ್ ಎಂಬ ಕೆಲಸಗಾರನ ಸಮಾಧಿ. ನಮ್ಮ ಅಡುಗೆಮನೆಯಷ್ಟು ಜಾಗ, ಹಳದಿ ಗೋಡೆ. ಸತ್ತ ಮೇಲಿನ ಹೊಲದಲ್ಲಿ ಅವನು ಚುಕ್ಕೆಯ ಎತ್ತು ಹೂಡಿ ಉಳುತ್ತಿದ್ದಾನೆ, ಹೆಂಡತಿ ಹಿಂದೆ ಬೀಜ ಚೆಲ್ಲುತ್ತಿದ್ದಾಳೆ. ಕುಡುಗೋಲಿನಲ್ಲಿ ಗೋಧಿಯ ತೆನೆಯನ್ನಷ್ಟೇ ಕೊಯ್ಯುತ್ತಾರೆ, ಅಗಸೆಯನ್ನು ಬೇರುಸಮೇತ ಕೀಳುತ್ತಾರೆ. ಇಬ್ಬರೂ ಹಬ್ಬಕ್ಕೆ ಉಟ್ಟಂಥ ಬಿಳಿ ನಾರುಬಟ್ಟೆಯಲ್ಲಿ! ರಾಜರಿಗಾಗಿ ಹಗಲೆಲ್ಲ ದುಡಿದ ಕೈಗಳು ತಮಗೆ ಬೇಕಾದ್ದನ್ನು ಬರೆದುಕೊಂಡ ಜಾಗ ಅದು. ಒಂದು ಎಚ್ಚರಿಕೆ: ಅಲ್ಲಿಗೆ ಇಳಿಯುವ ಮೆಟ್ಟಿಲು ಇಕ್ಕಟ್ಟು, ಕಡಿದು. ತಾಯಿಯವರಿಗೆ ಆಗಲಿಕ್ಕಿಲ್ಲ. ಮನೆಗಳನ್ನು ಮಾತ್ರ ಹೊರಗಿನಿಂದ ಅವರೂ ನೋಡಬಹುದು.

ಗದಗಿನವ:
ಮೇಷ್ಟ್ರ, ಇದನ್ನ ಮೊದಲ ಯಾರಾದ್ರೂ ಹೇಳಿದ್ರ ನಾವೂ ಹೋಗ್ತಿದ್ವಿ. ನಮ್ಮ ಗೈಡ್ ಆ ಹೆಸರ ಎತ್ತಲಿಲ್ಲ, ಅಲಾಬಾಸ್ಟರ್ ಕಲ್ಲಿನ ಸಾಮಾನಿನ ಅಂಗಡ್ಯಾಗ ಒಂದೂವರೆ ತಾಸು ಕೂಡ್ರಿಸಿದ.

ದುಬೈ_ಮಲೆನಾಡಿಗ:
ಎಲ್ಲಾ ಅಮ್ಮನಿಗೆ ಓದಿ ಹೇಳಿದೆ. ಟುಟಾಂಖಾಮುನ್‌ನ ನೋಡಲೇಬೇಕು ಅಂದ್ರು, ಆದರೆ ಮಾತಾಡದೆ ಐದು ನಿಮಿಷ ನಿಂತು ಬರ್ತಾರಂತೆ. ಗಾರೆ_ಸುಣ್ಣ ಅವರೇ, ಇಷ್ಟಕ್ಕೆ ಕ್ಷಮಿಸಿ. ಹತ್‌ಶೆಪ್ಸುತ್ ದೇಗುಲವನ್ನು ರಸ್ತೆಯಿಂದಲೇ ನೋಡಿ, ಆ ಹೊತ್ತನ್ನು ಕೆಲಸಗಾರರ ಊರಿಗೆ ಇಟ್ಟಿದ್ದೀವಿ. ಅಮ್ಮ ಒಂದು ಕೇಳಿದ್ರು: ಅವರಿಗೆ ಕೊನೆಗೆ ಧಾನ್ಯ ಸಿಕ್ತಾ?

ಇತಿಹಾಸದ_ಮೇಷ್ಟ್ರು:
ಸಿಕ್ಕಿತು ಎನ್ನಿ. ಹಿಂದಿನ ತಿಂಗಳ ಬಾಕಿ ಕೊಟ್ಟರು. ಮುಂದೆ ಮತ್ತೆ ತಪ್ಪಿತು, ಮತ್ತೆ ಹೋಗಿ ಕೂತರು. ಆ ಊರಿನ ಟಿಕೆಟ್ ರಾಜರ ಕಣಿವೆಯಲ್ಲಿ ಸಿಗುವುದಿಲ್ಲ. ಮೆಮ್ನಾನ್ ಪ್ರತಿಮೆಗಳನ್ನು ದಾಟಿದರೆ ಟಿಕೆಟ್ ಕಚೇರಿ ಬರುತ್ತದೆ, ಅಲ್ಲೇ ತೆಗೆದುಕೊಳ್ಳಿ.