ರೇಡಿಯಲ್ ದಾರಿಗೆ ಗೈಡಿಂಗ್ ಕ್ಯಾಥೆಟರ್: ಬಾಗು ನಿಲ್ಲುತ್ತಿಲ್ಲ, ತುದಿ ತಿರುಗುತ್ತಿಲ್ಲ. ಅನುಭವ ಇದ್ದವರು ಹೇಳಿ

ಪ್ರಶ್ನೆ (ಅಂತಿಮ ವರ್ಷದ ವಿದ್ಯಾರ್ಥಿ ತಂಡ, ಹುಬ್ಬಳ್ಳಿ):
ಬಲ ಮಣಿಕಟ್ಟಿನ ರೇಡಿಯಲ್ ಅಪಧಮನಿಯಿಂದ ಹೋಗಿ ಎಡ ಕೊರೊನರಿ ಬಾಯಿಗೆ ಕೂರುವ 6 ಫ್ರೆಂಚ್ ಗೈಡಿಂಗ್ ಕ್ಯಾಥೆಟರ್ (ಬಲೂನ್, ಸ್ಟೆಂಟ್ ಒಳಗೆ ಸಾಗಿಸುವ ಕೊಳವೆ) ನಮ್ಮ ಪ್ರಾಜೆಕ್ಟ್. ಸಿಲಿಕೋನ್ ಮಹಾಪಧಮನಿಯ ಮಾದರಿಯಲ್ಲಿ ಪರೀಕ್ಷಿಸುವುದಷ್ಟೇ ಗುರಿ, ರೋಗಿಗಳ ಮೇಲೆ ಅಲ್ಲ. ಜಡ್ಕಿನ್ಸ್ ಲೆಫ್ಟ್ 4 ಎಂಬ ಸಿದ್ಧ ಆಕಾರದ ಬಾಗನ್ನು ಕ್ಯಾಡ್‌ನಲ್ಲಿ ಎಳೆದು, ನೈಲಾನ್ ಟ್ಯೂಬನ್ನು ತಂತಿಯ ಮೇಲೆ ಬಿಸಿ ಮಾಡಿ ಬಗ್ಗಿಸಿದ್ದೇವೆ. ತಂತಿ ತೆಗೆದರೆ ಬಾಗು ಬಿಚ್ಚಿಕೊಳ್ಳುತ್ತದೆ. ಹಿಂದಿನಿಂದ ತಿರುಗಿಸಿದರೆ ಮುಂದಿನ ತುದಿ ಅಲ್ಲಾಡುವುದೇ ಇಲ್ಲ. ಎಲ್ಲಿಂದ ತಿದ್ದಬೇಕು?

ಉತ್ತರ 1 (ಕ್ಯಾಥ್‌ಲ್ಯಾಬ್ ತಂತ್ರಜ್ಞರು, ಹುಬ್ಬಳ್ಳಿ):
ಮೊದಲು ಬಾಗಿನ ಆಯ್ಕೆಯನ್ನೇ ಇನ್ನೊಮ್ಮೆ ನೋಡಿ. ಜಡ್ಕಿನ್ಸ್ ಆಕಾರ 1967ರದ್ದು, ತೊಡೆಯ ಫೆಮೊರಲ್ ದಾರಿಗೆ ಹುಟ್ಟಿದ್ದು. ಮಣಿಕಟ್ಟಿನಿಂದ ಕೊರೊನರಿ ಆಂಜಿಯೋಗ್ರಫಿ ಮಾಡಬಹುದು ಎಂದು ವೈದ್ಯ ಕ್ಯಾಂಪೋ ತೋರಿಸಿದ್ದು 1989ರಲ್ಲಿ, ಕೀಮೆನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಆರಂಭಿಸಿದ್ದು 1992ರಲ್ಲಿ. ಫೆಮೊರಲ್‌ನಿಂದ ಬರುವ ಕ್ಯಾಥೆಟರ್ ಮಹಾಪಧಮನಿಯ ಕಮಾನನ್ನು ಸುತ್ತಿ ಇಳಿಯುತ್ತದೆ. ಬಲ ರೇಡಿಯಲ್‌ನಿಂದ ಬರುವುದು ಸಬ್‌ಕ್ಲೇವಿಯನ್ ಮತ್ತು ಬ್ರೇಕಿಯೋಸೆಫಾಲಿಕ್ ಅಪಧಮನಿಗಳನ್ನು ದಾಟಿ, ಬಲಗಡೆಯಿಂದ ಓರೆಯಾಗಿ ಏರು ಮಹಾಪಧಮನಿಗೆ ಇಳಿಯುತ್ತದೆ. ಪ್ರವೇಶದ ಕೋನ ಬದಲಾದರೆ ಅದೇ ಬಾಗು ಬೇರೆ ಕಡೆ ಹೋಗಿ ಆನುತ್ತದೆ. ಅದಕ್ಕೇ ಬಲ ರೇಡಿಯಲ್‌ನಲ್ಲಿ ಎಡ ಜಡ್ಕಿನ್ಸ್ ಬಳಸುವಾಗ ಸಾಮಾನ್ಯವಾಗಿ ಅರ್ಧ ಅಳತೆ ಇಳಿಸಿ, 4ರ ಬದಲು 3.5 ತೆಗೆದುಕೊಳ್ಳುತ್ತಾರೆ.

ಆ 4 ಎಂಬ ಅಂಕಿ ಮೊದಲ ಮತ್ತು ಎರಡನೇ ಬಾಗಿನ ನಡುವಿನ ಅಂತರ, ಸೆಂಟಿಮೀಟರ್‌ನಲ್ಲಿ. ಮಹಾಪಧಮನಿಯ ಬುಡದ ಅಗಲಕ್ಕೆ ಇದು ಹೊಂದಬೇಕು. ಅಂತರ ಕಡಿಮೆಯಾದರೆ ತುದಿ ಮೇಲಕ್ಕೆ ಮುಖ ಮಾಡಿ ಎಡ ಮುಖ್ಯ ಅಪಧಮನಿಯ ಚಾವಣಿಗೆ ಒತ್ತುತ್ತದೆ. ಹೆಚ್ಚಾದರೆ ಬಾಯಿಯ ಕೆಳಗೆ ಜಾರಿ ಸೈನಸ್‌ನಲ್ಲಿ (ಮಹಾಪಧಮನಿಯ ಬುಡದ ಉಬ್ಬಿನಲ್ಲಿ) ಕೂರುತ್ತದೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಬಾಯಿಗೆ ತಲುಪಿಸುವುದು ಕೆಲಸದ ಅರ್ಧ ಮಾತ್ರ. ಬಲೂನ್ ಅಥವಾ ಸ್ಟೆಂಟನ್ನು ಕಿರಿದಾದ ಜಾಗಕ್ಕೆ ತಳ್ಳುವಾಗ ಗೈಡ್ ಹಿಂದಕ್ಕೆ ಒದೆಯುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸುವುದು ಎದುರು ಗೋಡೆ. ಬಾವಿಗೆ ಇಳಿಯುವವರು ಎದುರು ಗೋಡೆಗೆ ಬೆನ್ನು ಕೊಟ್ಟು ಕಾಲೂರುವ ಹಾಗೆ ಇದು. ಗೋಡೆಗೆ ತಾಗುವ ಕೋನ ಲಂಬಕ್ಕೆ ಹತ್ತಿರವಾದಷ್ಟು, ತಾಗುವ ಉದ್ದ ಹೆಚ್ಚಿದಷ್ಟು, ಕ್ಯಾಥೆಟರ್ ದಪ್ಪಗಾದಷ್ಟು ಆಸರೆ ಹೆಚ್ಚು. ಜಡ್ಕಿನ್ಸ್ ಬಲ ರೇಡಿಯಲ್‌ನಲ್ಲಿ ಸೋಲುವುದು ಇಲ್ಲೇ. ಇಬಿಯು, ಎಕ್ಸ್‌ಬಿ ತರಹದ ಎಕ್ಸ್‌ಟ್ರಾ ಬ್ಯಾಕಪ್ ಆಕಾರಗಳು ಎದುರು ಗೋಡೆಗೆ ಉದ್ದಕ್ಕೆ ಆತುಕೊಳ್ಳುತ್ತವೆ. ಇಕಾರಿ ಲೆಫ್ಟ್ ಎಂಬ ಆಕಾರದಲ್ಲಿ ಬ್ರೇಕಿಯೋಸೆಫಾಲಿಕ್ ತಿರುವಿಗೆ ಹೊಂದುವ ಬಾಗೊಂದನ್ನು ಹೆಚ್ಚಿಗೆ ಕೊಟ್ಟಿದ್ದಾರೆ. ನಿಮ್ಮ ಕ್ಯಾಡ್‌ನಲ್ಲಿ ತುದಿಯಿಂದ ಹಿಂದಕ್ಕೆ ಎಳೆಯುವುದನ್ನು ಬಿಡಿ. ಎದುರು ಗೋಡೆಯ ಮೇಲೆ ಆನುವ ಜಾಗವನ್ನು ಮೊದಲು ಗುರುತಿಸಿ, ಅಲ್ಲಿಂದ ತುದಿಯ ಕಡೆಗೂ ಬ್ರೇಕಿಯೋಸೆಫಾಲಿಕ್ ಕಡೆಗೂ ಎಳೆಯಿರಿ.

ಉತ್ತರ 2 (ಪಾಲಿಮರ್ ಇಂಜಿನಿಯರ್, ಧಾರವಾಡ):
ಬರೀ ನೈಲಾನ್ ಟ್ಯೂಬ್‌ನಿಂದ ಇದು ಎಂದಿಗೂ ಆಗುವುದಿಲ್ಲ. ಸುಮಾರು 100 ಸೆಂ.ಮೀ. ಉದ್ದದ ತೆಳು ಟ್ಯೂಬನ್ನು ಹಿಂದೆ ತಿರುಗಿಸಿದರೆ ತಿರುಚು ಅದರ ಮೈಯಲ್ಲೇ ಕರಗಿಹೋಗುತ್ತದೆ. ಗೈಡ್‌ಗೆ ಮೂರು ಪದರ ಬೇಕು: ಒಳಗೆ ಪಿಟಿಎಫ್‌ಇ (ಟೆಫ್ಲಾನ್), ನಡುವೆ ಸ್ಟೇನ್‌ಲೆಸ್ ಸ್ಟೀಲ್ ಹೆಣಿಗೆ, ಹೊರಗೆ ಪೆಬ್ಯಾಕ್ಸ್ ಎಂಬ ಬಳುಕುವ ಪ್ಲಾಸ್ಟಿಕ್ ಅಥವಾ ನೈಲಾನ್ ಹೊದಿಕೆ.

ಜಾಗ ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಿ. 3 ಫ್ರೆಂಚ್ ಅಂದರೆ 1 ಮಿ.ಮೀ., ಹಾಗಾಗಿ 6 ಫ್ರೆಂಚ್‌ನ ಹೊರ ವ್ಯಾಸ 2 ಮಿ.ಮೀ. ಒಳ ವ್ಯಾಸ 0.070 ಇಂಚು ಬೇಕು, ಅಂದರೆ 1.78 ಮಿ.ಮೀ. ಗೋಡೆಗೆ ಉಳಿದದ್ದು 0.11 ಮಿ.ಮೀ., ಅಂದರೆ 110 ಮೈಕ್ರಾನ್. ಪಿಟಿಎಫ್‌ಇ 25 ಮೈಕ್ರಾನ್. 25 ಮೈಕ್ರಾನ್ ದಪ್ಪದ ಚಪ್ಪಟೆ ತಂತಿಗಳು ಒಂದರ ಮೇಲೊಂದು ಹಾಯುವಲ್ಲಿ 50. ಹೊರ ಹೊದಿಕೆಗೆ ಸಿಗುವುದು ಬರೀ 35. ಗುಂಡು ತಂತಿ ಹಾಕಿದರೆ ಅದೇ ಬಿಗಿಗೆ ಹೆಚ್ಚು ದಪ್ಪ ಬೇಕಾಗುತ್ತದೆ. ಎಲ್ಲರೂ ಚಪ್ಪಟೆ ತಂತಿ ಆರಿಸುವುದು ಅದಕ್ಕೇ.

ಹೆಣಿಗೆಯ ದಟ್ಟಣೆ ಇಂಚಿಗೆ ಎಷ್ಟು ಹಾಯ್ದಾಟ ಎಂಬುದರ ಮೇಲೆ ನಿಲ್ಲುತ್ತದೆ. ಅಳತೆಗೆ 40ರಿಂದ 70ರ ನಡುವೆ ಹುಡುಕಿ. ತಂತಿಗಳ ಕೋನ 45 ಡಿಗ್ರಿ ಹತ್ತಿರ ಇದ್ದಾಗ ತಿರುಚು ಚೆನ್ನಾಗಿ ಸಾಗುತ್ತದೆ. ದಟ್ಟಣೆ ಹೆಚ್ಚಿಸಿದರೆ ಶಾಫ್ಟ್ (ಕ್ಯಾಥೆಟರಿನ ಉದ್ದ ಮೈ) ಬಳುಕುತ್ತದೆ, ಮಡಿಕೆ ಬೀಳುವುದು ತಪ್ಪುತ್ತದೆ, ಆದರೆ ತಿರುಚು ಸೊರಗುತ್ತದೆ. ಹೊರ ಹೊದಿಕೆ ಉದ್ದಕ್ಕೂ ಒಂದೇ ಗಡಸಿನದಾಗಿರಬಾರದು: ಹಿಂದೆ 72 ಶೋರ್ ಡಿ, ಬಾಗಿನಲ್ಲಿ 63 ಅಥವಾ 55, ಕೊನೆಯ ಕೆಲವು ಮಿಲಿಮೀಟರ್ 35. ಕೊನೆಯ ತುದಿಯಲ್ಲಿ ಹೆಣಿಗೆ ಇರಲೇಬಾರದು, ತಂತಿಯ ಕೊನೆ ಹೊರಗೆ ಇಣುಕಿದರೆ ರಕ್ತನಾಳದ ಒಳಪದರ ಸೀಳುತ್ತದೆ. ಎಕ್ಸ್‌ರೇಯಲ್ಲಿ ಕಾಣಲು ತುದಿಯ ಪಾಲಿಮರ್‌ಗೆ ಟಂಗ್‌ಸ್ಟನ್ ಪುಡಿ, ಉಳಿದ ಭಾಗಕ್ಕೆ ಬೇರಿಯಂ ಸಲ್ಫೇಟ್ ಸೇರಿಸುವುದು ರೂಢಿ.

ಪಿಟಿಎಫ್‌ಇಗೆ ಯಾವುದೂ ಅಂಟುವುದಿಲ್ಲ. ಹೊರಮೈಯನ್ನು ಸೋಡಿಯಂ ದ್ರಾವಣದಲ್ಲಿ ಎಚ್ ಮಾಡಿದ (ಅಂಟುವಂತೆ ರಾಸಾಯನಿಕವಾಗಿ ಕೊರೆದ) ಟ್ಯೂಬನ್ನೇ ಕೇಳಿ ತರಿಸಿ. ಎಚ್ ಆದ ಮೈ ಕಂದು ಬಣ್ಣದ್ದು. ಬೆಳಕಿನ ನೇರಳಾತೀತ ಕಿರಣ ಅದನ್ನು ಹಾಳು ಮಾಡುತ್ತದೆ, ಕಪ್ಪು ಚೀಲದಲ್ಲಿಡಿ. ಬಿಸಿಲಿಗೆ ಮೇಜಿನ ಮೇಲೆ ಬಿಟ್ಟ ಟ್ಯೂಬ್‌ನಲ್ಲಿ ಪದರ ಕಿತ್ತುಕೊಂಡರೆ ಕಾರಣ ಹುಡುಕುವುದು ಕಷ್ಟ.

ಪೆಬ್ಯಾಕ್ಸ್ ತೇವ ಹೀರುತ್ತದೆ. ಹುಬ್ಬಳ್ಳಿಯ ಮಳೆಗಾಲದಲ್ಲಿ ಪೊಟ್ಟಣ ಒಡೆದಿಟ್ಟರೆ ಕರಗಿಸುವಾಗ ಗುಳ್ಳೆ ಏಳುತ್ತವೆ. 70 ಡಿಗ್ರಿಯಲ್ಲಿ 4ರಿಂದ 6 ಗಂಟೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಪದರ ಸೇರಿಸಲು ಎಫ್‌ಇಪಿ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಒತ್ತುವ ಕೊಳವೆ) ಹಾಕಿ ಬಿಸಿಗಾಳಿ ಕೊಡುತ್ತಾರೆ. ಎಫ್‌ಇಪಿ ಕುಗ್ಗುವುದು 200 ಡಿಗ್ರಿ ದಾಟಿದ ಮೇಲೆ, ಅಷ್ಟರಲ್ಲಿ 35 ಡಿ ಪೆಬ್ಯಾಕ್ಸ್ ಕರಗಿ ನೀರಾಗಿರುತ್ತದೆ, ಏಕೆಂದರೆ ಅದು ಕರಗುವುದು 144ರ ಆಸುಪಾಸು. 72 ಡಿ ಕರಗುವುದು 174ರ ಹತ್ತಿರ. ಆದ್ದರಿಂದ ಗಡಸು ಭಾಗದಿಂದ ಮೆದು ಭಾಗಕ್ಕೆ ಬರುವಾಗ ಬಿಸಿಗಾಳಿಯ ಮೂತಿಯನ್ನು ಇನ್ನಷ್ಟು ಬೇಗ ಮುಂದೆ ಸರಿಸಿ. ಕಿಟಕಿ ತೆರೆದಿರಲಿ, ಫ್ಯಾನ್ ಹೊರಗೆ ಎಳೆಯಲಿ: ಫ್ಲೋರೋಪಾಲಿಮರ್ ಅತಿಯಾಗಿ ಕಾದರೆ ಬರುವ ಹೊಗೆ ಜ್ವರ ತರುತ್ತದೆ.

ಉತ್ತರ 3 (ಟೂಲ್‌ರೂಮ್ ಕೆಲಸದವರು, ಗೋಕುಲ ರೋಡ್):
ಬಾಗು ಬಿಚ್ಚಿಕೊಳ್ಳೂದು ತಪ್ಪಲ್ರಿ, ಅದು ಬಿಚ್ಚಿಕೊಂಡೇ ಬಿಚ್ಚಿಕೊಳ್ತದ. ಪೆಬ್ಯಾಕ್ಸ್ ಬಿಸಿಗೆ ಆಕಾರ ಹಿಡೀತದ, ಆದ್ರ ಒಳಗಿನ ಸ್ಟೀಲ್ ಹೆಣಿಗಿ ಸ್ಪ್ರಿಂಗ್ ಆಗೇ ಉಳೀತದ, ಪಿಟಿಎಫ್‌ಇನೂ ಆ ಬಿಸಿಗೆ ಆಕಾರ ಹಿಡಿಯೂದಿಲ್ಲ. ಹಿಂಗಾಗಿ ಮ್ಯಾಂಡ್ರಲ್ (ಒಳಗ ಹಾಕಿ ಆಕಾರ ಕೊಡೂ ತಂತಿ) ಅನ್ನ ಬೇಕಾದ ಕೋನಕ್ಕಿಂತ ಹೆಚ್ಚಿಗಿ ಬಗ್ಗಿಸಬೇಕು. ಎಷ್ಟು ಹೆಚ್ಚಿಗಿ ಅನ್ನೂದು ನಿಮ್ಮ ಶಾಫ್ಟ್ ಮ್ಯಾಲೆ. ಅದೇ ತುಂಡಿನಿಂದ 90 ಡಿಗ್ರಿ ಮ್ಯಾಂಡ್ರಲ್‌ಗೆ ಐದಾರು ಮಾದರಿ ಮಾಡ್ರಿ, ತಂಪಾದ ಮ್ಯಾಲೆ ಎಷ್ಟು ಬಿಚ್ಚೇದ ಅಳೀರಿ, ಆ ವ್ಯತ್ಯಾಸ ಹಿಡಕೊಂಡು ಹೊಸ ಮ್ಯಾಂಡ್ರಲ್ ಮಾಡ್ರಿ. ಕಡೀ ಅಳತಿ ಒಣಾ ಕೋಣಿಯೊಳಗ ತಗೀಬ್ಯಾಡ್ರಿ. 37 ಡಿಗ್ರಿ ನೀರಾಗ ಒಂದು ತಾಸು ಇಟ್ಟು ತಗೀರಿ. ಮೈ ಬಿಸಿಗೆ ಪೆಬ್ಯಾಕ್ಸ್ ಮೆತ್ತಗಾಗಿ ಬಾಗು ಮತ್ತ ಸ್ವಲ್ಪ ಬಿಚ್ಚಿಕೊಳ್ತದ.

ಮ್ಯಾಂಡ್ರಲ್ ದಪ್ಪ ಮುಖ್ಯ. 1.78 ಒಳ ವ್ಯಾಸಕ್ಕ 1.70 ಮಿ.ಮೀ. ಸ್ಟೇನ್‌ಲೆಸ್ ಸರಿ ಹೋಗ್ತದ. 1.5 ಹಾಕಿದ್ರ ಬಾಗಿನ ಒಳಮಗ್ಗಲಿನ ಗ್ವಾಡಿ ಕುಸಿದು ತೂತು ಮೊಟ್ಟೆ ಆಕಾರ ಆಗ್ತದ, ಆಮ್ಯಾಲೆ ಸ್ಟೆಂಟ್ ಅಲ್ಲೇ ಸಿಗಬೀಳ್ತದ. ಮ್ಯಾಂಡ್ರಲ್ ಮೈ ಪಾಲಿಶ್ ಇರಲಿ, ತುದಿ ಗುಂಡಗ ಇರಲಿ, ಇಲ್ಲಂದ್ರ ಎಳಿಯೋವಾಗ ಒಳಗಿನ ಪಿಟಿಎಫ್‌ಇ ಗೀರ್ತದ. ಅಲ್ಯೂಮಿನಿಯಂ ಪ್ಲೇಟಿನೊಳಗ ಬಾಗಿನ ಆಕಾರದ ಕಾಲುವಿ ತೆಗೆಸಿ, ಶಾಫ್ಟನ್ನ ಅದರಾಗ ಕೂಡಿಸಿದ್ರ ಬಾಗು ಒಂದೇ ಸಮತಲದಾಗ ಇರ್ತದ. ಬರೀ ಕೈಲೆ ಬಗ್ಗಿಸಿದ ತಂತಿ ಸ್ವಲ್ಪ ತಿರುಚಿಕೊಂಡೇ ಇರ್ತದ, ಕಣ್ಣಿಗೆ ಕಾಣೂದಿಲ್ಲ.

ಓವನ್ 110 ಡಿಗ್ರಿಗೆ ಶುರು ಮಾಡ್ರಿ, 5 ಡಿಗ್ರಿಯಂಗ ಏರಿಸ್ರಿ. ಮೆತ್ತನ ತುದಿ ಹೊಳಪು ಕಳಕೊಂಡ್ರ ಅಥವಾ ಹೆಣಿಗಿಯ ಗೆರಿ ಮೈಮ್ಯಾಲೆ ಮೂಡಿದ್ರ ಬಿಸಿ ಹೆಚ್ಚಾತು ಅಂತ ತಿಳೀರಿ. ಪೂರಾ ತಂಪಾಗೂ ತನಕ ಮ್ಯಾಂಡ್ರಲ್ ಕಿತ್ತಬ್ಯಾಡ್ರಿ. ಕರೆಂಟ್ ಹೋಗಿ ಬಂದ್ರ ಓವನ್ ಗುರಿ ದಾಟಿ ಬಿಸಿ ಆಗ್ತದ, ಆ ಸರದಿಯ ಮಾದರಿ ಬ್ಯಾರೆ ಇಡ್ರಿ, ಅಳತಿಗೆ ತಗೋಬ್ಯಾಡ್ರಿ. ಓವನ್ನಿನ ಡಿಸ್‌ಪ್ಲೇ ನಂಬಬ್ಯಾಡ್ರಿ, ಪ್ಲೇಟಿಗೆ ಥರ್ಮೋಕಪಲ್ ಹಚ್ಚಿ ಓದ್ರಿ.

ಮರುಪ್ರಶ್ನೆ (ವಿದ್ಯಾರ್ಥಿ ತಂಡ):
ಆಸರೆಯನ್ನು ಅಂಕಿಯಲ್ಲಿ ತೋರಿಸುವುದು ಹೇಗೆ? ಹೋಲಿಕೆಗೆ ಆಸ್ಪತ್ರೆಯಲ್ಲಿ ಬಳಸಿ ಬಿಟ್ಟ ಕ್ಯಾಥೆಟರ್ ಕೇಳಬಹುದೇ? ತುದಿಯ ಹತ್ತಿರ ಪಕ್ಕದ ತೂತು ಕೊಡಬೇಕೇ? ಉಳಿದಿರುವುದು ಒಂದೇ ಸೆಮಿಸ್ಟರ್, ಯಾವುದನ್ನು ಕೈಬಿಡಲಿ?

ಉತ್ತರ 1, ಮತ್ತೆ:
ಬಳಸಿದ್ದನ್ನು ಮುಟ್ಟಲೇಬೇಡಿ. ರಕ್ತ ತಾಗಿದ ಕ್ಯಾಥೆಟರ್ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಕೆಂಪು ಚೀಲಕ್ಕೆ ಹೋಗುವ ವಸ್ತು, ಕೊಟ್ಟವರಿಗೂ ಪಡೆದವರಿಗೂ ತಪ್ಪು. ಅವಧಿ ಮುಗಿದ, ಒಡೆಯದ ಪೊಟ್ಟಣಗಳನ್ನು ಲಿಖಿತವಾಗಿ ಕೇಳಿ. ಒಂದು ಜಡ್ಕಿನ್ಸ್ 3.5, ಒಂದು ಇಬಿಯು 3.5 ಸಿಕ್ಕರೆ ಸಾಕು. ಸಿಟಿ ಸ್ಕ್ಯಾನ್‌ನಿಂದ ಮಾದರಿ ಮಾಡುವುದಾದರೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ ಆಸ್ಪತ್ರೆ ಇರಲಿ, ಸತ್ತೂರಿನ ಎಸ್‌ಡಿಎಂ ಇರಲಿ, ನೈತಿಕ ಸಮಿತಿಯ ಒಪ್ಪಿಗೆ ಮತ್ತು ಹೆಸರು ಅಳಿಸಿದ ಚಿತ್ರ ಬೇಕು. ಅರ್ಜಿ ಮೊದಲ ವಾರವೇ ಕೊಡಿ.

ಪರೀಕ್ಷೆ ಸರಳ. ಮಾದರಿಯಲ್ಲಿ 37 ಡಿಗ್ರಿ ನೀರು ಹರಿಯಲಿ, ಗೈಡನ್ನು 0.035 ಇಂಚಿನ ತಂತಿಯ ಮೇಲೆ ನೇರವಾಗಿಸಿ ತಂದು ಎಡ ಮುಖ್ಯ ಅಪಧಮನಿಗೆ ಕೂರಿಸಿ. 0.014 ಇಂಚಿನ ತಂತಿಯ ಮೇಲೆ ಬಲೂನ್ ತಳ್ಳಿ, ಹಿಂದೆ ಫೋರ್ಸ್ ಗೇಜ್ ಇರಲಿ. ತುದಿ ಬಾಯಿಯಿಂದ ಹಾರುವ ಕ್ಷಣದ ಗರಿಷ್ಠ ಬಲವೇ ನಿಮ್ಮ ಅಂಕಿ. ಮಾದರಿಯ ಒಳಮೈ ಜಾರು ಕಡಿಮೆಯಿದ್ದರೆ ಆಸರೆ ಸುಳ್ಳಾಗಿ ಹೆಚ್ಚು ಕಾಣುತ್ತದೆ, ನೀರಿಗೆ ಸ್ವಲ್ಪ ಸೋಪು ಬೆರೆಸಿ. ತಿರುಚಿನ ಪರೀಕ್ಷೆಗೆ ಹಿಂದೆ 10 ಡಿಗ್ರಿಯಂತೆ ತಿರುಗಿಸಿ ಮುಂದೆ ಎಷ್ಟು ತಿರುಗಿತು ಬರೆದುಕೊಳ್ಳಿ. ತುದಿ ತಡೆದು ನಿಂತು ಆಮೇಲೆ ಒಮ್ಮೆಲೇ ಚಿಮ್ಮಿದರೆ ಆ ವಿನ್ಯಾಸ ಅಪಾಯದ್ದು, ಎಡ ಮುಖ್ಯ ಅಪಧಮನಿ ಸೀಳುವುದು ಹೀಗೆಯೇ.

ಪಕ್ಕದ ತೂತು ಬೇಡ. ತುದಿ ಬಾಯಿಯನ್ನು ಮುಚ್ಚಿದಾಗಲೂ ಒತ್ತಡದ ಗೆರೆ ಸರಿಯಾಗಿ ಕಾಣುವಂತೆ ಮಾಡಿ ಅದು ವೈದ್ಯರನ್ನು ದಾರಿ ತಪ್ಪಿಸುತ್ತದೆ. ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಸೋರುತ್ತದೆ, ಗೋಡೆಯ ಬಲವೂ ಕುಗ್ಗುತ್ತದೆ. ಕೆಲವು ಸಂದರ್ಭಗಳಲ್ಲಿ ಅದರ ಉಪಯೋಗ ಇದೆ, ನಿಮ್ಮ ಮಾದರಿಗೆ ಇಲ್ಲ.

ಇನ್ನೊಂದು: ಶೀತ್ (ಮಣಿಕಟ್ಟಿನಲ್ಲಿ ಕ್ಯಾಥೆಟರ್ ಒಳಗೆ ಹೋಗಲು ಇಡುವ ಕೊಳವೆ) ಕೊಳ್ಳುವಾಗ ಅಳತೆ ತಪ್ಪಬೇಡಿ. ಗೈಡ್‌ನ ಫ್ರೆಂಚ್ ಹೊರ ವ್ಯಾಸದ್ದು, ಶೀತ್‌ನ ಫ್ರೆಂಚ್ ಒಳ ವ್ಯಾಸದ್ದು. 6ರ ಗೈಡ್ 6ರ ಶೀತ್‌ನಲ್ಲಿ ಹೋಗುತ್ತದೆ, ಆದರೆ ರೇಡಿಯಲ್ ಅಪಧಮನಿಗೆ ತಾಗುವ ಶೀತ್‌ನ ಹೊರಮೈ 2.5 ಮಿ.ಮೀ. ಹತ್ತಿರ ಇರುತ್ತದೆ.

ಉತ್ತರ 2, ಮತ್ತೆ:
ಕೈಬಿಡಬೇಕಾದ್ದು ಹೆಣಿಗೆ. 16 ಎಳೆಯ ಹೆಣಿಗೆ ಯಂತ್ರವನ್ನು ಹೊಂದಿಸುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ಹೆಣಿಗೆಯಿರುವ, ಬಾಗಿಲ್ಲದ ನೇರ ಶಾಫ್ಟನ್ನು ಗುತ್ತಿಗೆ ತಯಾರಕರಿಂದ ಕೊಳ್ಳಿ, ನಿಮ್ಮ ಶಕ್ತಿಯೆಲ್ಲ ಬಾಗಿಗೆ ಮತ್ತು ಪರೀಕ್ಷೆಗೆ ಹೋಗಲಿ. ಜೋಡಣೆಗಳನ್ನು ಮಾತ್ರ ಎಳೆದು ನೋಡಿ: ಐಎಸ್‌ಒ 10555-1 ಪ್ರಕಾರ 1.85 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಕ್ಯಾಥೆಟರ್ ಕನಿಷ್ಠ 15 ನ್ಯೂಟನ್ ತಾಳಬೇಕು. ಮೆದು ತುದಿಯ ಬೆಸುಗೆಯನ್ನು ಬೇರೆಯಾಗಿ ಎಳೆಯಿರಿ, ಕಳಚಿ ರಕ್ತನಾಳದಲ್ಲಿ ಉಳಿದರೆ ಅತಿ ಕೆಟ್ಟದ್ದು ಅದೇ.

ಮುಂದೆ ನಿಜವಾಗಿ ತಯಾರಿಸುವ ಆಸೆ ಇದ್ದರೆ ಈಗಲೇ ಎರಡು ತೀರ್ಮಾನ ಮಾಡಿ. ಪಿಟಿಎಫ್‌ಇ ಗಾಮಾ ವಿಕಿರಣಕ್ಕೆ ಪುಡಿಯಾಗುತ್ತದೆ, ಹಾಗಾಗಿ ಕ್ರಿಮಿನಾಶ ಎಥಿಲೀನ್ ಆಕ್ಸೈಡ್‌ನಿಂದಲೇ. ಆ ಚಕ್ರದ ಬಿಸಿ ಮತ್ತು ತೇವಕ್ಕೆ ಬಾಗು ಮತ್ತೆ ಬಿಚ್ಚಬಹುದು, ಆದ್ದರಿಂದ ಪೊಟ್ಟಣದಲ್ಲಿ ಬಾಗು ಹಿಡಿದಿಡುವ ಕಾರ್ಡ್ ಬೇಕು, ಅಳತೆ ಚಕ್ರದ ನಂತರದ್ದಾಗಿರಬೇಕು. ಎರಡನೆಯದು, ಪರೀಕ್ಷೆಗೆಂದು ತಯಾರಿಸಲು ವೈದ್ಯಕೀಯ ಸಾಧನ ನಿಯಮ 2017ರ ಅಡಿಯಲ್ಲಿ ಎಂಡಿ-12 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-13 ಪರವಾನಗಿ ಪಡೆಯಬೇಕು.